ಮುರಕಲ್ಲಿನ ಗೋಡೆ

ಹನ್ನೊಂದು ವರ್ಷ ವೈರು ಎಳೆದಿದ್ದೇನೆ,
ಗೋಡೆಗಳ ಜಾತಕ ನನಗೆ ಬಾಯಿಪಾಠ.
ಇಟ್ಟಿಗೆ ಕಾಲುಭಾಗ ನುಂಗುತ್ತದೆ, ಕಾಂಕ್ರೀಟು ಮುಕ್ಕಾಲು,
ಕಬ್ಬಿಣದ ಕಪಾಟು ಬಂದದ್ದನ್ನೆಲ್ಲ ಹಿಂದಕ್ಕೆಸೆಯುತ್ತದೆ,
ಮೀನಿನ ತೊಟ್ಟಿ, ನಗಬೇಡಿ, ಕುಡಿದೇ ಬಿಡುತ್ತದೆ.
ಆದರೆ ಜೆಪ್ಪುವಿನ ಮುರಕಲ್ಲು,
ಮೊಳ ದಪ್ಪ, ಹಂಚಿನ ಕಾರ್ಖಾನೆ ಉಸಿರಾಡುತ್ತಿದ್ದ ಕಾಲದ್ದು:
ಅದು ಯಾರ ಮಾತೂ ಕೇಳುವುದಿಲ್ಲ.

ಸೆವ್ರಿನ್ ಬಾಯಿಯ ಮನೆ.
ಹಾಲಿನಲ್ಲಿ ದೊಡ್ಡ ಟೀವಿ, ಗಂಡ, ಮೈದುನ, ಮೂರು ಮಕ್ಕಳು,
ತುಳು ನಾಟಕ ಹಾಕಿ ಕೂತಿದ್ದಾರೆ.
ಅಡುಗೆಮನೆಯಲ್ಲಿ ಉಪ್ಪಿನ ಭರಣಿಗೆ ಒರಗಿಸಿದ ಮೊಬೈಲು,
ಅದೇ ನಾಟಕ.
ಚಕ್ರ ತಿರುಗುತ್ತಿದೆ. ಅದರ ಹಿಂದೆ
ಹಾಸ್ಯಗಾರ ಬಾಯಿ ತೆರೆದು ನಿಂತಿದ್ದಾನೆ,
ಮಾತು ಇನ್ನೂ ಬಂದಿಲ್ಲ.
ಹಾಲಿನಲ್ಲಿ ಹೋ ಎಂದು ನಕ್ಕರು.

"ಎಂತ ಮಾರಾಯ ಇದು, ನಗು ಗೋಡೆ ದಾಟ್ತದೆ,
ಚಿತ್ರಕ್ಕೆ ಮಾತ್ರ ಎಂತ ರೋಗ?"
ಉತ್ತರ ಗೊತ್ತಿತ್ತು. ಉದ್ದದ ಅಲೆ, ಗಿಡ್ಡದ ಅಲೆ,
ವೇಗ ಹೆಚ್ಚಾದಷ್ಟೂ ದಮ್ಮು ಕಡಿಮೆ ಎಂದು ಶುರುಮಾಡಿದೆ.
ಅವರು ಬಂಗುಡೆ ಮಗುಚಿದರು.
ಸುಮ್ಮನಾದೆ.

ರೂಟರು ಸಿಕ್ಕಿದ್ದು ಕಪಾಟಿನ ಹಿಂದೆ,
ಮದುವೆ ಆಲ್ಬಮ್ಮಿನ ಅಡಿಯಲ್ಲಿ.
ಫೋನು ಹಿಡಿದು ಕೋಣೆ ಕೋಣೆ ತಿರುಗಿದೆ,
ಬಾವಿಯ ಜಾಗ ನೋಡುವವ ಅಂಗೈಯಲ್ಲಿ ತೆಂಗಿನಕಾಯಿ ಹಿಡಿದ ಹಾಗೆ.
ಎತ್ತರದಲ್ಲಿ, ಮನೆಯ ನಡುವೆ,
ಎಲ್ಲ ಬಾಗಿಲಿಗೂ ಕಾಣುವ ಜಾಗ ಇದ್ದದ್ದು ಒಂದೇ:
ದೇವರ ಪೀಠ.
ಹೇಳಲು ನಾಲಗೆ ಏಳಲಿಲ್ಲ. ಬೆರಳು ತೋರಿಸಿದೆ.

ಬಾಯಿ ಕೈ ತೊಳೆದು ಬಂದರು.
ಸಾಂತ್ ಆಂತೊನಿಯನ್ನು ಎರಡೂ ಕೈಯಲ್ಲಿ ಎತ್ತಿ
ಗೇಣು ಪಕ್ಕಕ್ಕೆ ಇಟ್ಟರು.
"ಕಳೆದುಹೋದದ್ದನ್ನು ಹುಡುಕಿಕೊಡುವವ ಇವ.
ಬೇಸರ ಮಾಡ್ಲಿಕ್ಕಿಲ್ಲ. ಇದೂ ಅವನದ್ದೇ ಕೆಲಸ ಅಲ್ವಾ?"

ಕೆಂಪು ಬಲ್ಬಿನ ಪಕ್ಕ ಹಸಿರು ದೀಪ ಮಿಟುಕಿತು.
ಅಡುಗೆಮನೆಯಿಂದ ನಗು ಬಂತು,
ಈ ಸಲ ಟೀವಿಗಿಂತ ಒಂದು ಉಸಿರು ಮೊದಲೇ.
"ಮಮ್ಮಿ, ಎಂತಕ್ಕೆ ನಗುವುದು?"
ಅವರು ಹೇಳಲಿಲ್ಲ.
ಬಂಗುಡೆಯ ಒಂದು ಮಗ್ಗುಲು ಸೀದಿತ್ತು.

ನನ್ನ ಫೋನು ಯಾವ ಮನೆಯನ್ನೂ ಮರೆಯುವುದಿಲ್ಲ.
ರಾತ್ರಿ ಸ್ಕೂಟರಿನಲ್ಲಿ ಮೋರ್ಗನ್ಸ್ ಗೇಟಿನ ಕಡೆ ಬರುವಾಗ
ತೆರೆಯ ಮೂಲೆಯಲ್ಲಿ ಸಣ್ಣ ಬೀಸಣಿಗೆ
ಬಿಚ್ಚುತ್ತದೆ, ಮಡಚುತ್ತದೆ,
ಒಂದು ಮನೆ ಸಿಕ್ಕಿತು, ತಪ್ಪಿತು, ಇನ್ನೊಂದು.
ಎಲ್ಲರ ಗುಟ್ಟಿನ ಅಂಕಿ ನನ್ನ ಹತ್ತಿರ ಉಂಟು.
ಎಲ್ಲೂ ಇಳಿಯದೆ
ಎಕ್ಕೂರಿನವರೆಗೆ ಹೋಗುತ್ತೇನೆ.