ಇಳಿತದ ಹೊತ್ತಿನ ಸಭೆ

ಐದು ವರ್ಷದ ಯೋಜನೆಗೆಂದು ಮಂಗಳವಾರ ಹತ್ತೂವರೆಗೆ ಸಭೆ.
ಸಂಘದ ಮೇಲ್ಮಹಡಿ, ಐವತ್ತು ಕುರ್ಚಿ, ಎರಡು ಥರದ ಬಿಸ್ಕತ್ತು.
ಬಂದವರು ಏಳೇ ಜನ, ಏಳೂ ಜೊತೆ ಬೂಟು ಒಣ.
ಗುಮಾಸ್ತ ನಾನು, ನಡಾವಳಿಯಲ್ಲಿ ಬರೆದೆ:
'ಹೆಂಗಸರಿಗೆ ಆಸಕ್ತಿ ಇಲ್ಲ.'

ಕಿಟಕಿಯಾಚೆ ಸಮುದ್ರ ಹಿಂದೆ ಸರಿದಿತ್ತು.
ಗಲೀಸಿಯಾದ ನಮ್ಮ ಕೊಲ್ಲಿಯ ಕಪ್ಪು ಕೆಸರಲ್ಲಿ
ನಲವತ್ತೊಂದು ಹೆಂಗಸರು ಬಗ್ಗಿ ಚಿಪ್ಪು ಕೆದಕುತ್ತಿದ್ದರು.
ಅವರ ಬೆನ್ನು ನಮಗೆ ಕಾಣುತ್ತಿತ್ತು.
ನಮಗೆ, ಅಂದರೆ ನನಗೂ.

ವಿಗೋದಿಂದ ಬಂದ ಸಲಹೆಗಾರ ಬ್ರಾಯಿಸ್
ಪರದೆಯ ತುಂಬ ಬಾಣ ಬಿಟ್ಟ,
ಒಂದೊಂದೂ ಮೇಲಕ್ಕೇ ಮೂತಿ ಮಾಡಿದ್ದು.
ಎಂಬತ್ತಾರು ಪುಟ, ಹೊಳಪು ಕಾಗದ.
ಹಿಂದಿನ ಯೋಜನೆ ಕೆಳಗೆ ಶೆಡ್ಡಿನಲ್ಲಿದೆ,
ತಕ್ಕಡಿ ಮೇಜಿನ ಕುಂಟು ಕಾಲಿನಡಿ;
ಒಂಬತ್ತು ವರ್ಷದಿಂದ ಅಲ್ಲಿ ಚೆನ್ನಾಗಿಯೇ ಜಾರಿಯಲ್ಲಿದೆ.

ಮಧ್ಯಾಹ್ನ ಎರಡಕ್ಕೆ ತೂಕ ಹಾಕಿಸಲು ಬಂದ ಎರುಂಡೀನಾ
ನಡಾವಳಿ ಓದಿದಳು. ನಿಧಾನ ಓದುತ್ತಾಳೆ ಅವಳು.
'ಇದನ್ನು ಬರೆದ ಕೈ ಯಾವುದು?'
ತೋರಿಸಿದೆ.
ಆ ಕೈಯಲ್ಲಿ ಅಂಗೈಯಗಲದ ಪುಸ್ತಕ ಇಟ್ಟಳು,
ಉಬ್ಬರ ಇಳಿತದ ಪಟ್ಟಿ, ಉಪ್ಪುನೀರಿಗೆ ಊದಿಕೊಂಡದ್ದು.
'ನಮ್ಮ ಪಂಚಾಂಗ ಇದು. ಮುಂದಿನ ಸಲ
ಇದನ್ನು ನೋಡಿ ಮುಹೂರ್ತ ಇಡು.'

ಗುರುವಾರ ರಾತ್ರಿ ಎಂಟು, ತುಂಬು ಉಬ್ಬರ.
ಶೆಡ್ಡಿನಲ್ಲಿ ಬೋರಲು ಹಾಕಿದ ಕ್ರೇಟುಗಳ ಮೇಲೆ
ಮೂವತ್ತೆಂಟು ಜನ. ಬಿಸ್ಕತ್ತು ಸಾಲಲಿಲ್ಲ.
ಪುಟ ಮೂವತ್ತೊಂದು: ಮೇಲ್ದಂಡೆಯಲ್ಲಿ ಹೊಸ ಬಿತ್ತನೆ.
'ಅಲ್ಲಿ ಬೇಡ,' ಎಂದಳು ಬಲ್ಬೀನಾ, ಹಲ್ಲಿಲ್ಲದ ಬಾಯಲ್ಲಿ.
'ನವೆಂಬರಿನ ಮಳೆಗೆ ತೊರೆ ನುಗ್ಗುತ್ತೆ.
ಸಿಹಿನೀರು ಕುಡಿದ ಚಿಪ್ಪು ಬಾಯಿ ಬಿಟ್ಟು ಸಾಯುತ್ತೆ.'
ಬ್ರಾಯಿಸನ ನಕ್ಷೆಯಲ್ಲಿ ತೊರೆಯೇ ಇರಲಿಲ್ಲ.
ಎಷ್ಟು ವರ್ಷದಿಂದ ಹೀಗೆ, ಎಂದು ಕೇಳಿದ.
'ನನ್ನಮ್ಮ ಬೈಯುತ್ತಿದ್ದಳು ಆ ತೊರೆಗೆ.'
ಅವನು ಜೇಬಿನಿಂದ ಪೆನ್ಸಿಲು ತೆಗೆದ.

ಎಲ್ಲರೂ ಒಪ್ಪಿದರೆಂದು ತಿಳಿಯಬೇಡಿ.
ದಿನಕ್ಕೆ ಇಷ್ಟೇ ಕಿಲೋ ಎಂಬ ಮಿತಿ ಇಳಿಸೋಣ ಎಂದ ಸಬೇಲಾಳ ಮೇಲೆ
ಅವಳ ಸ್ವಂತ ಅತ್ತೆಯೇ ಹರಿಹಾಯ್ದಳು.
ಹನ್ನೊಂದು ಗಂಟೆಯಾದರೂ ಮಾತು ತೀರದೆ
ಬಾಯಿಗಳು ಮಾತ್ರ ಒಣಗಿದವು, ಬೂಟುಗಳಲ್ಲ.

ಉಳಿದದ್ದು ಒಂದು ಕರಿಹಲಗೆ, ಹನ್ನೆರಡು ಸಾಲು.
ಪ್ರತಿ ಸಾಲಿಗೆ ಕೆಲಸ, ಹೆಸರು, ಮುಗಿಯಬೇಕಾದ ಇಳಿತ.
ಮುಗಿದದ್ದಕ್ಕೆ ಗೀಟು. ಗಡುವು ದಾಟಿದ ಎರಡನ್ನು
ಒರೆಸಹೋದೆ. ಎರುಂಡೀನಾ ಬಟ್ಟೆ ಕಿತ್ತುಕೊಂಡಳು:
'ಇರಲಿ. ಆಗದ್ದೂ ನಮ್ಮದೇ.'

ಹಳೆಯ ನಡಾವಳಿಯ ಆ ಸಾಲಿನ ಪಕ್ಕ
ಅಂಚಿನಲ್ಲಿ ಬರೆದಿದ್ದೇನೆ ಈಗ: ಆ ಹೊತ್ತು ಇಳಿತ.

ಎರಡರಲ್ಲೊಂದು ಸಾಲು ಇನ್ನೂ ಹಲಗೆಯ ಮೇಲಿದೆ,
ಬರುವವರು ಹೋಗುವವರೆಲ್ಲ ಗಟ್ಟಿಯಾಗಿ ಓದುತ್ತಾರೆ:
'ತಕ್ಕಡಿ ಮೇಜಿನ ಕಾಲು. ಗುಮಾಸ್ತ. ಶುಕ್ರವಾರ.'
ಯಾವ ಶುಕ್ರವಾರ ಎಂದು ಬರೆದಿಲ್ಲ, ನಿಜ.
ಗರಗಸ ಹುಡುಕುತ್ತಿದ್ದೇನೆ.