ಭುಜದ ಮೇಲಿನ ಕೈ

ಉಪಮೆ ಬೇಡ ಡಾಕ್ಟರೇ, ನನಗೆ ಗೊತ್ತು.
ಇಪ್ಪತ್ತಾರು ವರ್ಷ ನಾರ್ವಾ ಸೇತುವೆಯ ಮೇಲೆ
ಗಾಜಿನ ಗೂಡಿನಲ್ಲಿ ಕೂತವಳು ನಾನು, ಜಿನೈದಾ ಪಾವ್ಲೊವ್ನಾ.
ಪಾಸ್‌ಪೋರ್ಟಿನ ಮುಖ ನೋಡುವ ಮೊದಲೇ
ಹೊಲಿಗೆಯ ದಾರ ಸವರಿ ಹೇಳುತ್ತಿದ್ದೆ
ಯಾವುದು ಸಾಚಾ, ಯಾವುದು ಕಳ್ಳ ಅಚ್ಚು ಎಂದು.

ಆದರೂ ನೀವು ಚೀಟಿಯ ಹಿಂದೆ ಚಿತ್ರ ಬರೆದಿರಿ:
ಇದು ಬಿಳಿ ರಕ್ತಕಣ, ಇದು ಗಡ್ಡೆ.
ಕಾವಲಿನವನಿಗೆ ನಿದ್ದೆ ಹತ್ತಿತ್ತೇ? ಎಂದೆ.
ಇಲ್ಲ, ಎಚ್ಚರವಾಗಿಯೇ ಇದ್ದ, ಎಂದಿರಿ.
ಹತ್ತಿರ ಹೋದ, ತಡವಿ ನೋಡಿದ, ಗುರುತೂ ಹಿಡಿದ.
ಅಷ್ಟರಲ್ಲಿ ಗಡ್ಡೆ ಕೈ ಚಾಚಿ
ಅವನ ಭುಜ ತಟ್ಟಿತು:
ನಮ್ಮವರೇ ಕಣಯ್ಯಾ, ಬಿಡು.
ಬಿಟ್ಟ.

ಅಷ್ಟಕ್ಕೇ ನಾನು ಅತ್ತದ್ದು.
ಬೆನ್ನಿನ ಕರಿ ಮಚ್ಚೆಗಲ್ಲ,
ಯಕೃತ್ತಿನಲ್ಲಿ ನೀವು ಎಣಿಸಿದ ನಾಲ್ಕು ನೆರಳಿಗೂ ಅಲ್ಲ.

ತೊಂಬತ್ತೆಂಟರ ಚಳಿಗಾಲ. ತುಪ್ಪಳದ ಟೋಪಿಯವನೊಬ್ಬ.
ದಾರ ತಪ್ಪಿತ್ತು, ಬೆರಳಿಗೆ ತಿಳಿದಿತ್ತು.
ಗಾಜಿಗೆ ಬಾಯಿ ಹಚ್ಚಿ ಅವನೆಂದ:
'ಜಿನಾ ಅಕ್ಕಾ, ಅಮ್ಮನ ಮಂಡಿನೋವು ಹೇಗಿದೆ ಈಗ?'
ಮುದ್ರೆ ಒತ್ತಿದೆ.
ಅವನು ಯಾರು ಎಂದು ಇವತ್ತಿಗೂ ತಿಳಿಯದು.

ಈ ಮದ್ದು ತಾನಾಗಿ ಯಾರನ್ನೂ ಕೊಲ್ಲುವುದಿಲ್ಲವಂತೆ.
ಭುಜಕ್ಕೂ ಆ ಕೈಗೂ ನಡುವೆ
ಹೋಗಿ ನಿಲ್ಲುತ್ತದೆ, ಅಷ್ಟೇ.
ಮೂರು ವಾರಕ್ಕೊಮ್ಮೆ, ಬೆಳಗಿನ ಆರರ ಬಸ್ಸು,
ತಾರ್ತುವಿನ ಆಸ್ಪತ್ರೆಯಲ್ಲಿ ಅರ್ಧ ಗಂಟೆಯ ತೊಟ್ಟು.
ದಾರಿಯಲ್ಲಿ, ದೊಡ್ಡ ಸರೋವರದ ದಂಡೆಯ ಮುಸ್ತ್‌ವೇಯಲ್ಲಿ
ಹತ್ತುತ್ತಿದ್ದ ಕುಪ್ರಿಯಾನ್, ಈರುಳ್ಳಿ ಬೆಳೆಯುವವ.
ಅವನಿಗೆ ಮೂತ್ರಪಿಂಡದಲ್ಲಿ. ನರ್ಸ್ ಮರೇಟ್‌ಗೆಂದು
ಹೆಣೆದ ಈರುಳ್ಳಿ ಸರ ಕೊರಳಿಗೆ ಹಾಕಿಕೊಂಡೇ ಬರುತ್ತಿದ್ದ.
ನಿನ್ನದೂ ಗಡ್ಡೆ, ನನ್ನ ಹೊಲದ್ದೂ ಗಡ್ಡೆ,
ನನ್ನದಕ್ಕೆ ಕಿಲೋಗೆ ಎರಡು ಯೂರೋ, ಎಂದು ನಗುತ್ತಿದ್ದ.

ನಾಲ್ಕನೇ ಸಲದ ನಂತರ ಬೇಲಿಯೇ ಎದ್ದು ಹೊಲ ಮೇಯಿತು.
ಬಿಟ್ಟ ಕಾವಲಿನವರು ಸುಮ್ಮನಿರುತ್ತಾರೆಯೇ?
ಕತ್ತಿನ ಗ್ರಂಥಿ, ಹುಟ್ಟಿದಾಗಿನಿಂದ ಎಲ್ಲೂ ಗಡಿ ದಾಟದ್ದು,
ಅದರ ಬಾಗಿಲು ಒಡೆದರು.
ಕರುಳಿನ ಕಾಗದ ಕೇಳಿದರು, ದಿನಕ್ಕೆ ಹನ್ನೊಂದು ಸಲ.
ಕೂರಿ, ಕೂರಿ, ಎಂದು ಸ್ಟೆರಾಯ್ಡ್ ಗದರಿಸಿತು.
ಮುಖ ಊದಿ, ಕನ್ನಡಿಯಲ್ಲಿ ನನ್ನನ್ನು ನಾನೇ
ಎರಡು ಸಲ ನೋಡಿ ಒಳಬಿಟ್ಟುಕೊಂಡೆ.

ಕುಪ್ರಿಯಾನ್‌ಗೆ ಏನೂ ಆಗಲಿಲ್ಲ.
ಉರಿಯಿಲ್ಲ, ಭೇದಿಯಿಲ್ಲ, ಚರ್ಮದಲ್ಲಿ ಒಂದು ತುರಿಕೆ ಕೂಡ ಇಲ್ಲ.
ಅದೇ ಸೀಸೆ, ಅದೇ ಕುರ್ಚಿ, ಅದೇ ಅರ್ಧ ಗಂಟೆ.
ನೆರಳುಗಳು ಮಾತ್ರ ಬೆಳೆದವು.
ಮಂಜು ಕರಗುವ ಹೊತ್ತಿಗೆ ಮುಸ್ತ್‌ವೇಯಲ್ಲಿ ಬಸ್ಸು ನಿಂತು
ಯಾರನ್ನೂ ಹತ್ತಿಸಿಕೊಳ್ಳದೆ ಹೊರಟಿತು.

ಯಾಕೆ? ಎಂದು ನಿಮ್ಮನ್ನು ಕೇಳಿದೆ.
ಪೆನ್ನು ಕೆಳಗಿಟ್ಟಿರಿ. 'ಗೊತ್ತಿಲ್ಲ' ಎಂದಿರಿ.
ಅವತ್ತಿನಿಂದ ನಿಮ್ಮನ್ನು ನಂಬಿದ್ದೇನೆ.
ನನ್ನ ನೌಕರಿಯಲ್ಲಿ ಯಾವ ಸಮವಸ್ತ್ರವೂ
ಆ ಮಾತು ಆಡಿದ್ದು ಕೇಳಿಲ್ಲ.

ಈಗ ಮುದ್ರೆ ಒತ್ತುತ್ತಿದ್ದ ಕೈ ಮೇಲೆ
ಬಿಳಿ ಕಲೆಗಳು, ಹುಬ್ಬಿನ ಒಂದು ತುದಿಯೂ ಬಿಳಿ.
ಒಳ್ಳೆಯ ಗುರುತು, ಎನ್ನುತ್ತಾಳೆ ಮರೇಟ್:
ಕಳ್ಳನ ಬಣ್ಣ ಅವರಿಗೆ ತಿಳಿದಿದೆ,
ಆ ಬಣ್ಣ ಎಲ್ಲಿ ಕಂಡರೂ ಒರೆಸುತ್ತಾರೆ, ಪಾಪದ ಚರ್ಮದಲ್ಲೂ.
ನೆರಳು ಎರಡಕ್ಕೆ ಇಳಿದಿವೆ. ಒಂದು ಬರೀ ಗಾಯದ ಗುರುತಿರಬಹುದು,
ಇಲ್ಲದಿರಬಹುದು.

ಅಡುಗೆಮನೆಯ ಮೊಳೆಯಲ್ಲಿ ಅವನ ಕೊನೆಯ ಸರ.
ನೆಲವಿಲ್ಲ, ನೀರಿಲ್ಲ, ಆದರೂ
ನಡುವಿನ ಗಡ್ಡೆಯೊಂದು ಹಸಿರು ಕುಡಿ ಒಡೆದಿದೆ.
ಇಳಿಸಿ, ಅಂಗೈಯಲ್ಲಿ ತಿರುಗಿಸಿ ನೋಡಿದೆ, ಹಳೆಯ ಚಾಳಿ.
ಕುಡಿ ಚಿವುಟಿ ಸಾರಿಗೆ ಹಾಕಿ
ಗಡ್ಡೆಯನ್ನು ಮತ್ತೆ ಅಲ್ಲೇ ತೂಗುಹಾಕಿದೆ.
ಮಂಗಳವಾರ ಆರರ ಬಸ್ಸು.