ಸುಂಗಟ

ಇನಾಸ್ ಬಾಬ್‌ಗೆ ಕಿವಿ ಹೋಗಿ ಹದಿನೆಂಟು ವರ್ಷ.
ಬೈತಖೋಲದ ಟ್ರಾಲರುಗಳ ಎಂಜಿನ್ ಕೋಣೆಯಲ್ಲಿ
ಸೀಸನ್ನಿಗೊಂದು ಚಮಚದಂತೆ
ಡೀಸೆಲ್ಲು ಅದನ್ನು ಕುಡಿದು ಮುಗಿಸಿತು.

ಆಮೇಲೆ ಅವರು ಕೇಳುತ್ತಿದ್ದದ್ದು ಅಂಗೈಯಿಂದ.
ಬಾನೆಟ್ಟಿನ ಮೇಲೆ ಬಲಗೈ ಇಟ್ಟು, ಕಣ್ಣು ಮುಚ್ಚಿ,
ಜ್ವರ ನೋಡುವವರ ಹಾಗೆ,
"ಮೂರನೇ ಸಿಲಿಂಡರು ಕೆಮ್ಮುತ್ತಿದೆ" ಅನ್ನುವರು.
ಬಿಚ್ಚಿ ನೋಡಿದರೆ ಮೂರನೆಯದೇ.

ಗಾಡಿ ಅರವತ್ನಾಲ್ಕರ ಟ್ರಯಂಫ್.
ಎರಡೇ ಸೀಟು, ಮಾಡಿಲ್ಲ, ಕೆಂಪು,
ಬೇಯಿಸಿದ ಮೇಲೆ ಬರುವ ಕೆಂಪು.
ಕಾಳಿಗೆ ಸೇತುವೆ ಇಲ್ಲದ ಕಾಲಕ್ಕೆ ಸದಾಶಿವಗಡದ ದಡದಿಂದ
ಎರಡು ದೋಣಿ ಜೋಡಿಸಿದ ಜಂಗಲ್ ಏರಿ ಬಂದದ್ದಂತೆ,
ಜೊತೆಗೆ ಎರಡು ಎಮ್ಮೆ, ಅರ್ಧ ದಿಬ್ಬಣ.
ಅವರಿಟ್ಟ ಹೆಸರು ಸುಂಗಟ; ನೀವು ಸಿಗಡಿ ಅನ್ನುತ್ತೀರಿ.
ಬಾನೆಟ್ಟು ಮೂತಿಯ ಸಮೇತ ಮುಂದಕ್ಕೆ ಮಗುಚುತ್ತದೆ,
ತಲೆ ಮುರಿದು ತೊಳೆಯಲಿಟ್ಟ ಹಾಗೆ.

ನಾನು ಶೆವಂತಿ. ಕೋಡಿಬಾಗದಲ್ಲಿ ಮೋಟಾರು ಸುತ್ತುತ್ತೇನೆ.
ಆಯಿ ಅಬ್ಬಲಿಗೆ ಕಟ್ಟಿ ಮಾರಿಗಿಷ್ಟೆಂದು ಮಾರಿದಳು,
ನನ್ನ ಬೆರಳಿಗೆ ಬಂದದ್ದು ತಾಮ್ರ.
ಬಿಗಿ ಹೆಚ್ಚಿದರೆ ಹರಿಯುತ್ತದೆ, ಸಡಿಲಾದರೆ ಸುಡುತ್ತದೆ.

ಬಾಬ್ ಬಂದು ಚೀಟಿ ಚಾಚಿದರು:
"ಸುಂಗಟದ ಬ್ಲಾಕು ಬಿರಿದಿದೆ. ಬೆಸುಗೆ ನಿಲ್ಲುವುದಿಲ್ಲ.
ನಿನ್ನ ಮೋಟಾರು ಕೂರುತ್ತದೋ?"
ಚೀಟಿ ಬರೆಯಬೇಕಾದವಳು ನಾನು; ಅವರಿಗೆ ನಾಲಿಗೆಯಿದೆ.
ಆದರೂ ಬರೆದು ತಂದಿದ್ದರು.

ನಾಲ್ಕು ತಿಂಗಳು.
ಗೇರ್‌ಬಾಕ್ಸಿಗೂ ಮೋಟಾರಿಗೂ ನಡುವಿನ ತಟ್ಟೆ
ದೋಣಿಯ ಕೆಲಸದ ಲೇಥಿನಲ್ಲಿ ಎರಡು ಸಲ ಕೆಟ್ಟು
ಮೂರನೇ ಸಲಕ್ಕೆ ಕೂತಿತು.
ಬ್ಯಾಟರಿ, ಅಂಕೋಲೆಯ ತಿರುವಿನಲ್ಲಿ ಮಗುಚಿದ ಯಾರದೋ ಹೊಸ ಕಾರಿನದು;
ಎಂಜಿನ್ ಇದ್ದಲ್ಲಿ ಅರ್ಧ, ಟ್ಯಾಂಕಿ ಇದ್ದಲ್ಲಿ ಅರ್ಧ.

ಆರ್‌ಟಿಒ ಗುಮಾಸ್ತ ಕೇಳಿದ,
"ಇಂಧನ ಅನ್ನುವಲ್ಲಿ ಎಂತ ಬರೆಯುವ?"
ನನಗೆ ಕದ್ರಾ ನೆನಪಾಯಿತು.
ಆಯಿಯ ತವರು ಅಲ್ಲಿ, ಅಣೆಕಟ್ಟಿನ ನೀರಿನಡಿ,
ಬಾವಿಯೊಂದು ಇನ್ನೂ ತುಂಬಿಯೇ ಇರಬೇಕು.
"ಕಾಳಿ ಹೊಳೆ ಅಂತ ಬರೆಯಿರಿ" ಎಂದೆ.
ಅವನು ನಗಲಿಲ್ಲ. ವಿದ್ಯುತ್ ಎಂದು ಬರೆದು ಸೀಲು ಒತ್ತಿದ.

ಆ ಸಂಜೆ ಕೀಲಿ ತಿರುಗಿಸಿದೆ.
ಬಾಬ್ ಬಾನೆಟ್ಟಿನ ಮೇಲೆ ಕೈಯಿಟ್ಟರು.
ಇಟ್ಟೇ ಇದ್ದರು.
ಅಂಗೈ ಎತ್ತಿ, ಪ್ಯಾಂಟಿಗೆ ಒರೆಸಿ, ಮತ್ತೆ ಇಟ್ಟರು.
"ಸತ್ತಿದೆ" ಅಂದರು.
ಇಲ್ಲ ಬಾಬ್ ಎಂದು ಕೂಗಿದೆ. ಕೂಗಿ ಏನು ಬಂತು!
ಕೈಹಿಡಿದು ಸೀಟಿನಲ್ಲಿ ಕೂರಿಸಿ
ಬೂಟುಗಾಲನ್ನು ಪೆಡಲಿನ ಮೇಲೆ ನಾನೇ ಒತ್ತಿದೆ.
ಅಂಗಳದ ಕೋಳಿಗಳಿಗೂ ತಿಳಿಯಲಿಲ್ಲ,
ಗೋಡೆ ಹಿಂದೆ ಸರಿಯಿತು.

ಸೇತುವೆಯ ಮೇಲೆ ಅವರ ತುಟಿ ಅಲುಗತೊಡಗಿತು.
ಪ್ರಾರ್ಥನೆ ಅಂದುಕೊಂಡೆ. ಲೆಕ್ಕ.
ಏಕ್, ದೋನ್, ತೀನ್...
ಒಂದೊಂದು ಸಂದು ದಾಟಿದಾಗಲೂ
ಚಕ್ರದಿಂದ ಸ್ಟೇರಿಂಗಿಗೆ, ಸ್ಟೇರಿಂಗಿನಿಂದ ಮೊಣಕೈಗೆ
ಬಾಗಿಲು ತಟ್ಟಿದಂತೆ ಒಂದು ಸಣ್ಣ ತಟ್ಟು.
ಪಕ್ಕದಲ್ಲಿ ಕುಸಿದ ಹಳೆ ಸೇತುವೆಯ ಕಡೆ
ಅವರು ತಿರುಗಿಯೂ ನೋಡಲಿಲ್ಲ.
"ಇಷ್ಟು ವರ್ಷ ಇವನೊಬ್ಬನೇ ಮಾತಾಡಿದ, ಶೆವಂತಿ.
ರಸ್ತೆಗೆ ಬಾಯಿಯಿದೆ ಅಂತಲೇ ಗೊತ್ತಿರಲಿಲ್ಲ."

ಎಷ್ಟಾಯಿತು, ಬೆರಳೆತ್ತಿ ಕೇಳಿದೆ.
ಮಾತಾಡಿ ತಪ್ಪಿಹೋಯಿತು ಎಂದು
ಸದಾಶಿವಗಡದಲ್ಲಿ ಗಾಡಿ ತಿರುಗಿಸಿದರು.

ಹಳೆ ಎಂಜಿನ್ ಈಗ ಬೈತಖೋಲದಲ್ಲಿ
ತುಳಸು ತಾಂಡೇಲನ ದೋಣಿಗೆ ಲಂಗರು.
ಭರತಿ ಏರಿದಾಗ ಹಗ್ಗ ಬಿಗಿಯುತ್ತದೆ.
ಕೆಲವು ಸಂಜೆ ಬಾಬ್ ಅಲ್ಲಿಗೆ ಹೋಗಿ
ಮೊಣಕಾಲುದ್ದದ ನೀರಿನಲ್ಲಿ
ಆ ಹಗ್ಗ ಹಿಡಿದು ನಿಲ್ಲುತ್ತಾರೆ.